ಹಾವು ಕಡಿದಾಗ ಹಗ್ಗ ಬಿಗಿಯಬೇಡಿರಿ



ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಸೋಯಾ ಅವರೆಯ ಕಳೆ ತೆಗೆಯುವಾಗ, ಕಬ್ಬು ಕಡಿಯುವಾಗ ಹಾವು ಕಡಿಯುವುದುಂಟು. ಕೂಡಲೇ ಜೊತೆಯಲ್ಲಿದ್ದವರು ಟವೆಲನ್ನೋ ಹಗ್ಗವನ್ನೋ ಗಾಯದ ಮೇಲ್ಭಾಗಕ್ಕೆ ಬಿಗಿದು ಕಟ್ಟುತ್ತಾರೆ. ವಿಷ ಮೇಲೇರಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಆ ಕಟ್ಟಿನಿಂದಲೇ ಕಾಲು ಕಳೆದುಕೊಳ್ಳುವ ಸಂಭವವಿದೆ. ನಾನು ವೈದ್ಯನಲ್ಲ, ಬೇಸಾಯ ಶಾಸ್ತ್ರದವನು. ಆದರೂ ಹಾವು ಕಡಿಯುವುದು ನಮ್ಮ ಹೊಲಗಳಲ್ಲಿಯೇ ಆದ್ದರಿಂದ ಈ ಮಾತು.

ಬದುವಿನ ಬೇವಿನ ಗಿಡಕ್ಕೆ ಬೇಲಿಯ ತಂತಿ ಬಿಗಿದು ಮರೆತರೆ ಏನಾಗುತ್ತದೆಂಬುದನ್ನು ನೀವು ನೋಡಿದ್ದೀರಿ. ತಂತಿ ತೊಗಟೆಯೊಳಗೆ ಹೂತು, ಎಲೆಯಲ್ಲಿ ತಯಾರಾದ ಆಹಾರ ಬೇರಿಗಿಳಿಯದೆ ಗಿಡ ಸೊರಗುತ್ತದೆ. ಗಿಡವಾದರೆ ತಿಂಗಳುಗಟ್ಟಲೆ ತಡೆದೀತು. ನಮ್ಮ ಮಾಂಸಖಂಡಕ್ಕೆ ಅಷ್ಟು ತಾಳಿಕೆಯಿಲ್ಲ. ರಕ್ತ ತರುವ ಆಮ್ಲಜನಕ ನಿಂತರೆ ಮೊದಲು ಕಾಲು ಜೋಮು ಹಿಡಿಯುತ್ತದೆ. ಸುಮಾರು 2 ಗಂಟೆಗಳ ನಂತರ ಜೀವಕೋಶಗಳು ಕೆಡತೊಡಗುತ್ತವೆ. 6 ಗಂಟೆ ಕಳೆದರೆ ಕೆಟ್ಟ ಭಾಗ ಬಹುಮಟ್ಟಿಗೆ ಚೇತರಿಸಿಕೊಳ್ಳದು. ಕೊಳಕುಮಂಡಲ ಕಡಿದಿದ್ದರೆ ಹಾನಿ ಇನ್ನೂ ಹೆಚ್ಚು. ಅದರ ವಿಷವೇ ಮಾಂಸವನ್ನು ಕೊಳೆಸುವಂಥದು. ಕಟ್ಟು ಅದನ್ನು ಒಂದೇ ಕಡೆ ಹಿಡಿದಿಡುತ್ತದೆ. ಬಾವು ಏರಿದಂತೆ ಉಂಗುರ, ಕಡಗ, ಕಾಲುಂಗುರಗಳೂ ಕಟ್ಟಿನಂತೆಯೇ ಬಿಗಿಯುತ್ತವೆ. ಅವನ್ನು ಮೊದಲೇ ತೆಗೆಯಿರಿ.

ನಾವು ಬೆಳೆಗೆ ಕೊಡುವ ಪೊಟ್ಯಾಷ್ ಗೊಬ್ಬರದಲ್ಲಿರುವ ಪೊಟ್ಯಾಸಿಯಂ ನಮ್ಮ ಜೀವಕೋಶಗಳ ಒಳಗೂ ಇದೆ. ಜೀವಕೋಶ ಸತ್ತರೆ ಅದು ಹೊರಬೀಳುತ್ತದೆ. ಬಹಳ ಹೊತ್ತಿನ ಕಟ್ಟನ್ನು ಥಟ್ಟನೆ ಬಿಚ್ಚಿದರೆ ಅದೂ, ತಡೆದು ನಿಂತಿದ್ದ ವಿಷವೂ ಒಮ್ಮೆಲೇ ಮೈಗೆ ನುಗ್ಗಿ ಹೃದಯದ ಬಡಿತವನ್ನೇ ಕೆಡಿಸಬಹುದು. ಟ್ರ್ಯಾಕ್ಟರಿನಡಿ ಬಹಳ ಹೊತ್ತು ಕಾಲು ಸಿಕ್ಕಿ ಜಜ್ಜಿದವರಿಗೂ ಪೊಟ್ಯಾಸಿಯಂನ ಈ ಅಪಾಯ ಇದ್ದೇ ಇದೆ. ಆದ್ದರಿಂದ ಯಾರಾದರೂ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚದೆ ವೈದ್ಯರಿಂದಲೇ ಬಿಚ್ಚಿಸಿರಿ.

ಹಾಗಾದರೆ ಮಾಡಬೇಕಾದದ್ದೇನು? ಕಡಿಸಿಕೊಂಡವರನ್ನು ನಡೆಸಬೇಡಿರಿ, ನಡೆದಷ್ಟೂ ವಿಷ ಬೇಗ ಹರಡುತ್ತದೆ. ನೆಟ್ಟಗಿನ ತೊಗರಿ ಕಟ್ಟಿಗೆಯನ್ನೋ ಬಿದಿರಿನ ದಬ್ಬೆಯನ್ನೋ ಕಾಲಿನುದ್ದಕ್ಕೂ ಇಟ್ಟು, ರಕ್ತ ಸಂಚಾರಕ್ಕೆ ಅಡ್ಡಿಯಾಗದಂತೆ ಬಟ್ಟೆ ಸುತ್ತಿರಿ. ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಮಂತ್ರ ಹಾಕಿಸಲು ಅಲೆಯದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಬಸವಕಲ್ಯಾಣ ಇಲ್ಲವೆ ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಗೆ, ಹತ್ತಿರ ಯಾವುದೋ ಅಲ್ಲಿಗೆ, ಒಯ್ಯಿರಿ. ಹಾವಿನ ವಿಷಕ್ಕೆ ಮದ್ದೆಂದರೆ ಪ್ರತಿವಿಷದ ಚುಚ್ಚುಮದ್ದೊಂದೇ. ಹಾವನ್ನು ಹುಡುಕಿ ಕೊಲ್ಲುವುದರಲ್ಲಿ ಹೊತ್ತು ಕಳೆಯುವುದೂ ಬೇಡ. ಕಡಿದ ಹೊತ್ತು, ಕಟ್ಟಿದ್ದರೆ ಕಟ್ಟಿದ ಹೊತ್ತು, ಎರಡನ್ನೂ ವೈದ್ಯರಿಗೆ ಮರೆಯದೆ ತಿಳಿಸಿರಿ.