ಕಾರಿನ ಎಣ್ಣೆಪಂಪು: ಅದರ ಕಾರ್ಯ ಮತ್ತು ಪಾಲನೆ

ಸಂಸ್ಕೃತದ ‘ಸ್ನೇಹ’ ಎಂಬ ಶಬ್ದಕ್ಕೆ ಒಲವು ಎಂಬ ಅರ್ಥವಿರುವಂತೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ಇಬ್ಬರ ನಡುವೆ ನಿಂತು, ಒಬ್ಬರು ಮತ್ತೊಬ್ಬರನ್ನು ಸವೆಸದಂತೆ ಕಾಯುವುದು ಎರಡಕ್ಕೂ ಸಮಾನವಾದ ಗುಣ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಪಯಣ ಹೊರಡಬಾರದೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಣ್ಣೆ ಕಾಣದ ಗಾಲಿ ತಾನೇ ಕಿರುಗುಟ್ಟಿ ಎಚ್ಚರಿಸುತ್ತಿತ್ತು. ಕಾರಿನ ಇಂಜಿನ್ನು ಹಾಗಲ್ಲ. ಅದರ ಕೀಲುಗಳೆಲ್ಲ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಅಡಗಿವೆ. ಅವಕ್ಕೆ ಎಣ್ಣೆಯುಣಿಸುವ ಭಾರ ಒಂದು ಸಣ್ಣ ಪಂಪಿನದು. ಅದರ ಕೆಲಸ ನಿಂತರೆ, ಒಡೆಯನ ಕಿವಿಗೆ ಸದ್ದು ಬೀಳುವಷ್ಟರಲ್ಲಿ ಹಾನಿ ನಡೆದುಹೋಗಿರುತ್ತದೆ.

ಇಂಜಿನ್ನು ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿರುವಾಗ ಕ್ರ್ಯಾಂಕ್‌ಶಾಫ್ಟ್ ಎಂಬ ಮುಖ್ಯ ದಂಡವು ಸೆಕೆಂಡಿಗೆ 50 ಬಾರಿ ತಿರುಗುತ್ತದೆ. ಆ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವಣ ಎಡೆ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು. ಅಲ್ಲಿ ಎಣ್ಣೆಯ ತೆಳುಪೊರೆಯೊಂದು ನೆಲೆನಿಂತು ದಂಡವನ್ನು ತೇಲಿಸುತ್ತದೆ. ಲೋಹ ಲೋಹವನ್ನು ಮುಟ್ಟದಂತೆ ಕಾಯುತ್ತದೆ. ಈ ಪೊರೆಯ ಬಲ ಎಷ್ಟೆಂಬುದು 1883ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಬೀಚಮ್ ಟವರ್ ಅವರ ಪ್ರಯೋಗಗಳಿಂದ ತಿಳಿಯಿತು. ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದ ತೂತಿಗೆ ಅವರು ಬಡಿದಿದ್ದ ಮರದ ಬೆಣೆಯನ್ನು ಒಳಗಿನ ಎಣ್ಣೆಯೇ ಹೊರದೂಡಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅವರು ಇದರ ಗಣಿತವನ್ನು ವಿವರಿಸಿದರು. ಭಾರ ಹೊರುವ ಈ ಒತ್ತಡವು ದಂಡದ ತಿರುಗುವಿಕೆಯಿಂದಲೇ ಹುಟ್ಟುತ್ತದೆ. ಆದರೆ ಬದಿಗಳಲ್ಲಿ ಸೋರಿಹೋಗುವ ಎಣ್ಣೆಗೆ ಬದಲಾಗಿ ಹೊಸ ಎಣ್ಣೆ ಎಡೆಬಿಡದೆ ಬರುತ್ತಿರಬೇಕು. ಅದನ್ನು ತಂದೊದಗಿಸುವುದೇ ಪಂಪಿನ ಕರ್ತವ್ಯ.

ಆದಿಕಾಲದ ಕಾರುಗಳೆಲ್ಲಕ್ಕೂ ಈ ಪಂಪು ಇರಲಿಲ್ಲ. 1908ರಲ್ಲಿ ಹೊರಬಂದ ಫೋರ್ಡ್ ‘ಮಾಡೆಲ್ ಟಿ’ ಕಾರಿನಲ್ಲಿ ತಿರುಗುವ ಫ್ಲೈವೀಲು ಎರಚಿದ ಎಣ್ಣೆಯೇ ಕೊಳವೆಯ ಮೂಲಕ ಇಳಿದು ಇಂಜಿನ್ನಿನ ಭಾಗಗಳನ್ನು ಸೇರುತ್ತಿತ್ತು. ಇಂಜಿನ್ನುಗಳ ವೇಗವೂ ಶಕ್ತಿಯೂ ಹೆಚ್ಚಿದಂತೆಲ್ಲ ಎರಚಿದ ಎಣ್ಣೆ ಸಾಲದೆ, ಒತ್ತಡದಿಂದ ಕಳುಹಿಸುವ ಪಂಪು ಅನಿವಾರ್ಯವಾಯಿತು.

ಇಂಜಿನ್ನಿನ ತಳದಲ್ಲಿ, ಮೆಕ್ಯಾನಿಕ್ಕುಗಳು ಆಯಿಲ್ ಛೇಂಬರ್ ಎಂದು ಕರೆಯುವ ತೊಟ್ಟಿಯಲ್ಲಿ ಎಣ್ಣೆ ಸಂಗ್ರಹವಾಗಿರುತ್ತದೆ. ಪಂಪು ಅದನ್ನು ಜಾಲರಿಯೊಂದರ ಮೂಲಕ ಹೀರುತ್ತದೆ. ಪಂಪುಗಳಲ್ಲಿ ಎರಡು ಬಗೆ ಬಹಳ ಬಳಕೆಯಲ್ಲಿವೆ. ಒಂದರಲ್ಲಿ ಎರಡು ಹಲ್ಲುಚಕ್ರಗಳು ಹಲ್ಲಿಗೆ ಹಲ್ಲು ಕೂಡಿ ತಿರುಗುತ್ತವೆ. ಎಣ್ಣೆ ಅವುಗಳ ನಡುವೆ ನುಗ್ಗುವುದೆಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ಅದು ಹಲ್ಲುಗಳ ಸಂದಿನಲ್ಲಿ ಕುಳಿತು, ಹೊರಗೋಡೆಯನ್ನು ಬಳಸಿಕೊಂಡು ಆಚೆ ಸೇರುತ್ತದೆ. ಅಲ್ಲಿ ಹಲ್ಲುಗಳು ಕೂಡಿಕೊಳ್ಳುವಾಗ ಸಂದು ಮುಚ್ಚಿ, ಎಣ್ಣೆ ಹೊರದೂಡಲ್ಪಡುತ್ತದೆ. ಇನ್ನೊಂದು ಬಗೆಯಲ್ಲಿ ದೊಡ್ಡ ಚಕ್ರದ ಒಳಗೆ ಒಂದು ಹಲ್ಲು ಕಡಮೆಯಿರುವ ಚಿಕ್ಕ ಚಕ್ರ ತಿರುಗುತ್ತದೆ. ಎರಡರ ನಡುವಣ ಎಡೆ ಒಂದು ಕಡೆ ಹಿಗ್ಗಿ ಎಣ್ಣೆಯನ್ನು ಹೀರುತ್ತದೆ, ಮತ್ತೊಂದು ಕಡೆ ಕುಗ್ಗಿ ದೂಡುತ್ತದೆ. ಹೊರಟ ಎಣ್ಣೆ ಫಿಲ್ಟರಿನಲ್ಲಿ ಶುದ್ಧವಾಗಿ, ಇಂಜಿನ್ನಿನ ಒಡಲಲ್ಲಿ ಕೊರೆದ ಕಾಲುವೆಗಳಲ್ಲಿ ಹರಿದು, ಬೇರಿಂಗುಗಳನ್ನು ತಣಿಸಿ, ಮತ್ತೆ ತೊಟ್ಟಿಗೆ ಮರಳುತ್ತದೆ.

ಇಲ್ಲಿ ಮುಖ್ಯವಾಗಿ ಅರಿಯಬೇಕಾದ ಸಂಗತಿಯೊಂದಿದೆ. ಪಂಪು ಎಣ್ಣೆಯನ್ನು ಸಾಗಿಸುತ್ತದೆಯೇ ಹೊರತು ಒತ್ತಡವನ್ನು ತಾನೊಂದೇ ಉಂಟುಮಾಡುವುದಿಲ್ಲ. ಇಕ್ಕಟ್ಟಾದ ಎಡೆಗಳು ಹರಿವನ್ನು ತಡೆಯುವುದರಿಂದ ಒತ್ತಡ ಹುಟ್ಟುತ್ತದೆ. ತಣ್ಣಗಿನ ಎಣ್ಣೆ ಮಂದವಾಗಿದ್ದು ಒತ್ತಡ ಮಿತಿಮೀರಿದರೆ, ಸ್ಪ್ರಿಂಗಿನ ಕವಾಟವೊಂದು ತೆರೆದು ಹೆಚ್ಚಿನ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಬೇರಿಂಗುಗಳು ಸವೆದು ಎಡೆ ಹಿಗ್ಗಿದರೆ, ಪಂಪು ಚೆನ್ನಾಗಿದ್ದರೂ ಒತ್ತಡ ಇಳಿಯುತ್ತದೆ. ಆದುದರಿಂದ ಒತ್ತಡ ಕುಗ್ಗಿದಾಗ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು: ಎಣ್ಣೆ ಇದೆಯೇ? ಅದು ಪಂಪಿಗೆ ತಲುಪುತ್ತಿದೆಯೇ? ಪಂಪು ಮತ್ತು ಅದರ ಕವಾಟ ಸರಿಯಾಗಿವೆಯೇ? ಕಳುಹಿಸಿದ ಎಣ್ಣೆ ಸವೆದ ಎಡೆಗಳಲ್ಲಿ ಸೋರಿಹೋಗುತ್ತಿದೆಯೇ? ಪಂಪು ಸದಾ ಎಣ್ಣೆಯಲ್ಲೇ ಮುಳುಗಿ ದುಡಿಯುವುದರಿಂದ ಬೇಗ ಕೆಡುವುದು ಅಪರೂಪ. ಮೊದಲೇ ಅದರ ಮೇಲೆ ತಪ್ಪು ಹೊರಿಸಿ ಹೊಸದನ್ನು ಕೂಡಿಸಿದರೆ ಹಣ ಹೋಗುತ್ತದೆ, ರೋಗ ಉಳಿಯುತ್ತದೆ.

ಚಾಲಕನ ಮುಂದೆ ಎಣ್ಣೆಗಿಂಡಿಯ ಆಕಾರದಲ್ಲಿ ಬೆಳಗುವ ಕೆಂಪು ದೀಪವನ್ನೂ ಹೀಗೆಯೇ ತಿಳಿಯಬೇಕು. ಅದು ಎಣ್ಣೆಯ ಮಟ್ಟ ಹೇಳುವ ದೀಪವಲ್ಲ. ಒತ್ತಡ ಅತ್ಯಂತ ಕೆಳಗಿಳಿದಿದೆ ಎಂದು ಸಾರುವ ಕೊನೆಯ ಎಚ್ಚರಿಕೆ. ಕೀಲಿ ತಿರುಗಿಸಿದಾಗ ಅದು ಹೊತ್ತಿ, ಇಂಜಿನ್ನು ಓಡತೊಡಗಿದ ಕೆಲವು ಕ್ಷಣಗಳಲ್ಲಿ ಆರಬೇಕು. ದಾರಿಯಲ್ಲಿ ಹೊತ್ತಿಕೊಂಡರೆ ‘ಮುಂದಿನ ಊರಿನಲ್ಲಿ ನೋಡೋಣ’ ಎನ್ನುವುದು ಸಲ್ಲದು. ವಾಹನವನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ, ಇಂಜಿನ್ನನ್ನು ಕೂಡಲೇ ಆರಿಸಿ, ಎಣ್ಣೆಯ ಮಟ್ಟ ನೋಡತಕ್ಕದ್ದು. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಓಡಿಸದೆ, ಎಳೆಸಿಕೊಂಡು ಹೋಗಿ ಒತ್ತಡಮಾಪಕದಿಂದ ಪರೀಕ್ಷಿಸಬೇಕು. ದೀಪದ ಸ್ವಿಚ್ಚೇ ಕೆಟ್ಟಿರಬಹುದು. ಅದನ್ನು ನಿರ್ಧರಿಸುವುದು ಮಾಪಕವೇ ಹೊರತು ಊಹೆಯಲ್ಲ. ಇಂಜಿನ್ನು ‘ಸೀಜ್’ ಆದರೆ ಬಾಡಿಗೆ ಕಾರು ನಡೆಸುವವನಿಗೆ ಹಲವು ತಿಂಗಳ ದುಡಿಮೆ ಹೋದಂತೆ. ವೇಗದಲ್ಲಿರುವಾಗ ಹಾಗಾದರೆ ಒಳಗಿರುವವರ ಪ್ರಾಣಕ್ಕೂ ಅಪಾಯ.

ಇನ್ನು ನಿತ್ಯದ ಪಾಲನೆ. ಸಮತಟ್ಟಾದ ನೆಲದಲ್ಲಿ, ಇಂಜಿನ್ನು ಆರಿಸಿದ ಕೆಲವು ನಿಮಿಷಗಳ ತರುವಾಯ ಡಿಪ್‌ಸ್ಟಿಕ್ಕನ್ನು ಒರೆಸಿ ಅದ್ದಿ ನೋಡಬೇಕು; ಎಣ್ಣೆ ಎರಡು ಗುರುತುಗಳ ನಡುವೆ ಇರತಕ್ಕದ್ದು. ಅತಿಯಾದರೂ ಕೇಡೇ: ತಿರುಗುವ ದಂಡ ಅದನ್ನು ಕಡೆದು ನೊರೆಯೆಬ್ಬಿಸುತ್ತದೆ, ಗಾಳಿ ಬೆರೆತ ಎಣ್ಣೆ ಭಾರ ಹೊರಲಾರದು. ತಯಾರಕರ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ಬಳಸಿ, ಹೇಳಿದ ಕಿಲೋಮೀಟರು ಅಥವಾ ಅವಧಿ, ಯಾವುದು ಮೊದಲೋ ಆಗ, ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಬೇಕು. ಹಳೆಯ ಎಣ್ಣೆ ಕೆಸರಾಗಿ ಹೀರುವ ಜಾಲರಿಯನ್ನು ಮುಚ್ಚುತ್ತದೆ. ಕಲ್ಲುದಾರಿಯಲ್ಲಿ, ಎತ್ತರದ ರಸ್ತೆಯುಬ್ಬಿನಲ್ಲಿ ಛೇಂಬರಿಗೆ ಪೆಟ್ಟು ಬಿದ್ದರೆ ಸೋರಿಕೆಯನ್ನಷ್ಟೇ ನೋಡಿದರೆ ಸಾಲದು. ನೆಗ್ಗಿದ ತಳ ಜಾಲರಿಗೆ ಒತ್ತಿಕೊಂಡು ಎಣ್ಣೆಯ ದಾರಿಯನ್ನೇ ಕಟ್ಟಬಹುದು. ಬೆಳಗ್ಗೆ ಇಂಜಿನ್ನು ಹೊರಟೊಡನೆ ಆಕ್ಸಿಲರೇಟರನ್ನು ಜೋರಾಗಿ ತುಳಿಯಬಾರದು. ಎಣ್ಣೆ ಮೇಲಿನ ಭಾಗಗಳನ್ನು ಮುಟ್ಟಲು ತುಸು ಸಮಯ ಬೇಕು. ಹೊಸ ಪಂಪು ಕೂಡಿಸುವಾಗ ಅದರೊಳಗೆ ಮೊದಲೇ ಎಣ್ಣೆ ತುಂಬಿಸುವುದು ಅಗತ್ಯ; ಒಣ ಪಂಪು ತಕ್ಷಣ ಹೀರಲಾರದು.

ಇವಾವುವೂ ಪರಿಣತನೊಬ್ಬನೇ ಮಾಡಬಲ್ಲ ಕಾರ್ಯಗಳಲ್ಲ. ಡಿಪ್‌ಸ್ಟಿಕ್ಕನ್ನು ಎಳೆದು ನೋಡಲು ಬೇಕಾದುದು ಒಂದು ಚೂರು ಬಟ್ಟೆ, ಎರಡು ನಿಮಿಷದ ವ್ಯವಧಾನ. ಅದನ್ನು ವಾರಕ್ಕೊಮ್ಮೆ, ದೂರದ ಪಯಣಕ್ಕೆ ಮೊದಲು ತಪ್ಪದೆ ಒಮ್ಮೆ ಮಾಡುವ ಮನೆಯಲ್ಲಿ ಕೆಂಪು ದೀಪ ಹೊತ್ತುವ ಸಂದರ್ಭಗಳು ಬಹಳ ಕಡಮೆಯಾಗುತ್ತವೆ.