ನೀರಂಚಿನ 35 ಅಡಿ

ಅಮೆರಿಕದ ಮಿನೆಸೋಟಾದಲ್ಲಿ ಸರೋವರದ ದಡಕ್ಕೆ ಮನೆ ಕೊಂಡವರನ್ನು ಮೊದಲ ಬೇಸಿಗೆಯಲ್ಲೇ ಗೋಳು ಹುಯ್ದುಕೊಳ್ಳುವುದು ಹೆಬ್ಬಾತುಗಳು. ಹಿಂದಿನ ಮಾಲೀಕರು ಹಿತ್ತಿಲ ಮೆಟ್ಟಿಲಿನಿಂದ ನೀರಿನವರೆಗೂ ನುಣ್ಣಗೆ ಹುಲ್ಲು ಬೆಳೆಸಿಟ್ಟಿರುತ್ತಾರೆ. ಜಾಹೀರಾತಿನ ಫೋಟೊದಲ್ಲಿ ಅದೇ ಚೆಂದ ಕಂಡಿರುತ್ತದೆ, ಬೆಲೆ ಏರಿಸಿದ್ದರಲ್ಲಿ ಅದರ ಪಾಲೂ ಇರುತ್ತದೆ. ಜೂನ್ ಬಂದಿತೋ, ಕೆನಡಾ ಹೆಬ್ಬಾತುಗಳು ಮರಿಗಳ ಸಂಸಾರ ಸಮೇತ ನೀರಿನಿಂದೆದ್ದು ನಡೆದು ಬರುತ್ತವೆ. ಹುಲ್ಲು ಮೇಯುತ್ತವೆ, ಅಲ್ಲೇ ಹಿಕ್ಕೆ ಹಾಕುತ್ತವೆ, ಮರುದಿನ ಮತ್ತೆ ಹಾಜರು. ಬರಿಗಾಲಲ್ಲಿ ಓಡಾಡಲೆಂದು ಬೆಳೆಸಿದ ಹುಲ್ಲಿನ ಮೇಲೆ ಬೂಟು ಹಾಕಿಕೊಂಡು ನೋಡಿ ನೋಡಿ ಹೆಜ್ಜೆ ಇಡಬೇಕಾಗುತ್ತದೆ. ಪ್ಲಾಸ್ಟಿಕ್ಕಿನ ನರಿ, ಹೊಳೆಯುವ ರಿಬ್ಬನ್ನು, ಸದ್ದು ಮಾಡುವ ಯಂತ್ರ ಎಲ್ಲಕ್ಕೂ ಕೆಲವು ದಿನ ಹೆದರಿದಂತೆ ಮಾಡಿ, ಆಮೇಲೆ ಅವುಗಳ ಪಕ್ಕದಲ್ಲೇ ಮೇಯುತ್ತವೆ.

ಹೆಬ್ಬಾತಿಗೂ ಒಂದು ದುರ್ಬಲ ಗಳಿಗೆ ಉಂಟು. ಜೂನ್‌-ಜುಲೈನಲ್ಲಿ ಅವು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿಕೊಳ್ಳುತ್ತವೆ. ಹೊಸವು ಮೂಡುವವರೆಗೆ ಕೆಲವು ವಾರ ಹಾರಲಾರವು. ಮರಿಗಳಿಗಂತೂ ಇನ್ನೂ ರೆಕ್ಕೆ ಬಲಿತಿರುವುದಿಲ್ಲ. ಹಾಗಾಗಿ ನಡೆದೇ ದಡ ಹತ್ತಬೇಕು. ನೀರಿನ ಅಂಚಿಗೆ ಸೊಂಟದೆತ್ತರದ ಗಿಡಗಳ ಪಟ್ಟೆಯೊಂದು ಇದ್ದರೆ ಅದರಾಚೆ ನರಿ ಹೊಂಚು ಹಾಕಿದೆಯೋ ಇಲ್ಲವೋ ಅವಕ್ಕೆ ಕಾಣುವುದಿಲ್ಲ. ಆ ಅನುಮಾನ ಸಾಕು, ಪಕ್ಕದ ಮನೆಯ ಹುಲ್ಲಿಗೆ ಹೋಗುತ್ತವೆ. ಪಕ್ಕದವರಿಗೆ ಇದನ್ನು ಹೇಳುವುದೋ ಬಿಡುವುದೋ ನಿಮಗೆ ಸೇರಿದ್ದು.

ನಿರ್ವಹಣೆಯ ಕಾಟವಿಲ್ಲದ ದಡ ಹೇಗೆ ಮಾಡಿಕೊಳ್ಳುವುದು ಎಂದು ಕೇಳುವವರು ಸಾಮಾನ್ಯವಾಗಿ ಏನು ತಂದು ಹಾಕಬೇಕು ಎಂದು ಕೇಳುತ್ತಾರೆ: ಯಾವ ಕಲ್ಲು, ಯಾವ ಗೋಡೆ, ಎಷ್ಟು ಲೋಡು ಮರಳು. ಆದರೆ ದಡದಲ್ಲಿ ಅತಿ ಹೆಚ್ಚು ಚಾಕರಿ ಬೇಡುವುದು ಆಗಲೇ ಅಲ್ಲಿರುವ ಹುಲ್ಲುಹಾಸು. ವಾರ ವಾರ ಕತ್ತರಿಸಬೇಕು, ನೀರುಣಿಸಬೇಕು, ಗೊಬ್ಬರ ಹಾಕಬೇಕು, ಹಿಕ್ಕೆ ಬಾಚಬೇಕು. ನೀರಂಚಿನ ಒಂದಷ್ಟು ಅಗಲದಲ್ಲಿ ಕತ್ತರಿಸುವ ಯಂತ್ರವನ್ನು ನಿಲ್ಲಿಸಿದರೆ ಅರ್ಧ ಕೆಲಸ ಅಂದೇ ಮುಗಿಯಿತು.

ಎಷ್ಟು ಅಗಲ? ಪಕ್ಕದ ವಿಸ್ಕಾನ್ಸಿನ್ ರಾಜ್ಯದ ದಡ ನಿಯಮದಲ್ಲಿ ಇದಕ್ಕೊಂದು ಲೆಕ್ಕವಿದೆ. ಮನೆ ನೀರಿನಿಂದ 75 ಅಡಿ ಹಿಂದೆ ಇರಬೇಕು. ನೀರಿಗೆ ಹತ್ತಿದ 35 ಅಡಿಯಲ್ಲಿ ಗಿಡಮರ ಉಳಿಸಬೇಕು. ಹಾಗೆಂದು ಮನೆಯವರು ಪೊದೆಯ ಹಿಂದೆ ಕೂತು ಸರೋವರವನ್ನು ಊಹಿಸಿಕೊಳ್ಳಬೇಕಿಲ್ಲ. ದಡದ ಪ್ರತಿ 100 ಅಡಿ ಉದ್ದಕ್ಕೆ 35 ಅಡಿಯಷ್ಟನ್ನು ನೋಟಕ್ಕೂ ಓಡಾಟಕ್ಕೂ ತೆರವಾಗಿ ಇಟ್ಟುಕೊಳ್ಳಬಹುದು. ನಿಯಮಕ್ಕೆ ಮೊದಲೇ ಇದ್ದ ಹಳೆಯ ಹುಲ್ಲುಹಾಸನ್ನು ಕಿತ್ತುಹಾಕಿ ಎಂದು ಬಲವಂತ ಮಾಡುವುದಿಲ್ಲ. ಬದಲಿಗೆ, 350 ಚದರಡಿಯಲ್ಲಿ ಆ ನೆಲದ ಗಿಡಗಳನ್ನೇ ನೆಡುವವರಿಗೆ ರಾಜ್ಯದ ಸಹಾಯಧನ ಉಂಟು. ಹತ್ತಡಿ ಅಗಲ, ಮೂವತ್ತೈದು ಅಡಿ ಉದ್ದ: ಒಂದು ಕುಟುಂಬ ಒಂದೆರಡು ವಾರಾಂತ್ಯದಲ್ಲಿ ನೆಟ್ಟು ಮುಗಿಸುವಷ್ಟು. ಸರ್ಕಾರಿ ಯೋಜನೆಯೊಂದು ಮನುಷ್ಯರ ಬೆನ್ನುನೋವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಅಪರೂಪ.

ಮಿನೆಸೋಟಾದ ಕಾರುಗಳ ನಂಬರ್ ಪ್ಲೇಟಿನ ಮೇಲೆ ‘ಹತ್ತು ಸಾವಿರ ಸರೋವರಗಳು’ ಎಂದು ಬರೆದಿರುತ್ತದೆ. ಇದು ಹೆಮ್ಮೆಯ ಉತ್ಪ್ರೇಕ್ಷೆ ಇರಬೇಕು ಎಂದುಕೊಂಡರೆ ತಪ್ಪು, ನಿಜ ಇನ್ನೂ ದೊಡ್ಡದು: ಹತ್ತು ಎಕರೆಗಿಂತ ದೊಡ್ಡವೇ 11,842. ಇಷ್ಟು ನೀರಿರುವ ಕಡೆ ದಡದ ಹುಲ್ಲಿನ ವಿಷಯ ವಿಧಾನಸಭೆಯವರೆಗೆ ಹೋಗುವುದು ಸಹಜ. ಸಿಹಿನೀರಿನ ಸರೋವರಗಳಲ್ಲಿ ಪಾಚಿಯನ್ನು ಹಿಡಿತದಲ್ಲಿಡುವುದು ಹೆಚ್ಚಾಗಿ ಫಾಸ್ಫರಸ್ಸಿನ ಕೊರತೆ. ಒಂದು ಪೌಂಡ್ ಫಾಸ್ಫರಸ್ ನೀರಿಗೆ ಸೇರಿದರೆ 500 ಪೌಂಡಿನವರೆಗೂ ಪಾಚಿ ಬೆಳೆಯಬಹುದು ಎಂಬುದು ಅಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ನಮ್ಮ ರೈತರು ಅಂಗಡಿಯಲ್ಲಿ 17:17:17 ಕೊಡಿ ಎನ್ನುವಾಗ ನಡುವಿನ ಅಂಕಿ ಈ ಫಾಸ್ಫರಸ್ಸಿನದ್ದೇ. ಹುಲ್ಲುಹಾಸಿಗೆ ಫಾಸ್ಫರಸ್ ಗೊಬ್ಬರ ಸುರಿಯುವುದಕ್ಕೆ ಮಿನೆಸೋಟಾ 2002ರಲ್ಲಿ ಕಾನೂನಿನ ಕಡಿವಾಣ ಹಾಕಿತು, 2005ರ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಹೊಸದಾಗಿ ಹುಲ್ಲು ಎಬ್ಬಿಸುವಾಗ, ಇಲ್ಲವೇ ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡಾಗ ವಿನಾಯಿತಿ. ಉಳಿದಂತೆ ಹುಲ್ಲಿಗೆ ಕೊಳ್ಳುವ ಚೀಲದ ಮೇಲೆ ನಡುವಿನ ಅಂಕಿ ಸೊನ್ನೆ.

ಗೊಬ್ಬರ ನಿಂತರೂ ಕತ್ತರಿಸಿದ ಹುಲ್ಲು, ಉದುರಿದ ಎಲೆ, ಹೆಬ್ಬಾತಿನ ಹಿಕ್ಕೆ, ಕೊಚ್ಚಿಹೋಗುವ ಮಣ್ಣು ಎಲ್ಲದರಲ್ಲೂ ಫಾಸ್ಫರಸ್ ಇದೆ. ದಡದಲ್ಲಿ ಬೆಂಕಿ ಹಾಕಿ ಸುತ್ತ ಕೂರುವುದು ಅಲ್ಲಿನವರ ಬೇಸಿಗೆಯ ಸುಖಗಳಲ್ಲಿ ಒಂದು. ಆ ಬೂದಿಯಲ್ಲೂ ಇದೆ. ಬೆಂಕಿಯ ಗುಂಡಿಯನ್ನು ನೀರಿನಿಂದ ದೂರ, ಮೇಲಕ್ಕೆ ಸರಿಸಿಕೊಳ್ಳುವುದು ಖರ್ಚಿಲ್ಲದ ಕೆಲಸ. ಹಾಗೆಯೇ ಮನೆಯಿಂದ ದೋಣಿಕಟ್ಟೆಗೆ ಇಳಿಯುವ ದಾರಿ ನೆಟ್ಟಗಿದ್ದರೆ ಮಳೆನೀರು ಅದರಲ್ಲೇ ಕಾಲುವೆ ಮಾಡಿಕೊಂಡು ಮಣ್ಣನ್ನು ಹೊತ್ತೊಯ್ಯುತ್ತದೆ. ಸ್ವಲ್ಪ ಬಳಸಿ ಹೋಗಲಿ.

ಹುಲ್ಲುಹಾಸಿನ ದೊಡ್ಡ ದೋಷ ಇರುವುದು ನೆಲದ ಕೆಳಗೆ. ಕತ್ತರಿಸಿ ಕತ್ತರಿಸಿ ಕುಳ್ಳಗಿಟ್ಟ ಹುಲ್ಲಿನ ಬೇರು ಕೆಲವೇ ಇಂಚು ಇಳಿಯುತ್ತದೆ. ಆ ಸೀಮೆಯ ಕಾಡುಹುಲ್ಲುಗಳ ಬೇರು ಹಲವು ಅಡಿ ಇಳಿದು ಮಣ್ಣನ್ನು ಹಿಡಿಯುತ್ತದೆ. ಅಲೆ ಬಡಿಯುವ ಕಡೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹುಲ್ಲುಹಾಸಿನ ಅಂಚಿನಲ್ಲಿ ಬಗ್ಗಿ ನೋಡಿದರೆ ಮೇಲೆ ಹಸಿರು ಚಾಪೆ ಹೊರಚಾಚಿ ನಿಂತಿರುತ್ತದೆ, ಅದರಡಿಯ ಮಣ್ಣನ್ನು ನೀರು ಗವಿಯಂತೆ ಕೊರೆದಿರುತ್ತದೆ. ಮುಂದಿನ ಬಿರುಗಾಳಿಗೆ ಆ ಚಾಪೆಯೂ ಮಡಚಿ ಬೀಳುತ್ತದೆ.

ಆಗ ಮನೆಯವರು ಗೋಡೆ ಕಟ್ಟಿಸುವ ಕಾಂಟ್ರಾಕ್ಟರನ್ನು ಕರೆಯುತ್ತಾರೆ. ಕಾಂಕ್ರೀಟು ಗೋಡೆ ಕಟ್ಟಿದರೆ ಒಂದು ತಲೆನೋವು ಕಳೆಯಿತು ಎಂದು ಅವರ ಎಣಿಕೆ. ಗೋಡೆಗೆ ಬಡಿದ ಅಲೆ ಮಾತ್ರ ಸುಮ್ಮನೆ ಇಂಗುವುದಿಲ್ಲ. ವಾಪಸು ತಿರುಗಿ ಗೋಡೆಯ ಪಾದದ ಮಣ್ಣನ್ನೇ ಅಗೆಯುತ್ತದೆ. ಕಪ್ಪೆ, ಆಮೆಗಳು ಅದನ್ನು ಹತ್ತಲಾರವು. ಇನ್ನು ಚಳಿಗಾಲ. ಸರೋವರದ ಮೇಲಿನ ಹಿಮದ ಹಾಳೆ ಕೊರೆಯುವ ರಾತ್ರಿಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕಿಗೆ ನೀರು ತುಂಬಿ ಹೆಪ್ಪುಗಟ್ಟುತ್ತದೆ, ಬಿಸಿಲೇರಿದಾಗ ಹಾಳೆ ಹಿಗ್ಗಿ ಸುತ್ತಲ ದಡವನ್ನು ದಬ್ಬುತ್ತದೆ. ಈ ದಬ್ಬಾಟಕ್ಕೆ ಕಲ್ಲು, ಮಣ್ಣು, ಎಷ್ಟೋ ಗೋಡೆಗಳು ಜಗ್ಗಿವೆ. ನೂರಾರು ವರ್ಷ ಹೀಗೆ ದಬ್ಬಿಸಿಕೊಂಡ ದಡಗಳಲ್ಲಿ ಒಂದು ಸಣ್ಣ ಏರಿ ತಾನಾಗಿ ಎದ್ದಿರುತ್ತದೆ. ಮೇಲಿನಿಂದ ಹರಿದು ಬರುವ ಮಳೆನೀರನ್ನು ಅದು ತಡೆದು ಇಂಗಿಸುತ್ತದೆ. ನೋಟಕ್ಕೆ ಅಡ್ಡ ಎಂದು ಅದನ್ನು ಬುಲ್ಡೋಜರಿನಿಂದ ಸವರಿ ಸಮ ಮಾಡಿಸುವವರಿದ್ದಾರೆ. ಪುಕ್ಕಟೆ ಸಿಕ್ಕಿದ ಒಡ್ಡನ್ನು ದುಡ್ಡು ಕೊಟ್ಟು ಒಡೆಸುವ ಈ ಬುದ್ಧಿವಂತಿಕೆ ನನಗೆ ಅರ್ಥವಾಗಿಲ್ಲ.

ಕೊರೆತ ಶುರುವಾಗಿರುವ ಕಡೆ ಗೋಡೆಗೆ ಬದಲು ಈಗ ಬಳಸುವ ಒಂದು ವಸ್ತು ನಮಗೆ ಚೆನ್ನಾಗಿ ಗೊತ್ತಿರುವಂಥದ್ದು: ತೆಂಗಿನ ನಾರು. ನಾರನ್ನು ಒತ್ತಿ ತುಂಬಿ, ನಾರಿನದೇ ಬಲೆಯಲ್ಲಿ ಬಿಗಿದು, ಮರದ ದಿಮ್ಮಿಯಷ್ಟು ದಪ್ಪನೆಯ ಉದ್ದ ಸುರುಳಿ ಮಾಡಿರುತ್ತಾರೆ. ತೆಂಗು ಬೆಳೆಯದ ಆ ಚಳಿಸೀಮೆಗೆ ಅದು ಹೋಗಬೇಕಾದದ್ದು ಭಾರತ, ಶ್ರೀಲಂಕಾಗಳಂಥ ನಾಡುಗಳಿಂದಲೇ. ದಡದ ಬುಡಕ್ಕೆ ಅದನ್ನು ಒತ್ತಿ ಮಲಗಿಸಿ, ಎರಡೂ ಕಡೆ ಮರದ ಗೂಟ ಬಡಿದು, ಹಗ್ಗ ಎಳೆದು ಕಟ್ಟುತ್ತಾರೆ. ನಾರಿನ ಸಂದಿಗಳಲ್ಲಿ ಜವುಗು ಹುಲ್ಲಿನ ಸಸಿಗಳನ್ನು ಸಿಕ್ಕಿಸುತ್ತಾರೆ. ಅಲೆ ಬಂದು ನಾರಿಗೆ ತಾಗಿ ಕಸುವು ಕಳೆದುಕೊಳ್ಳುತ್ತದೆ, ಹಿಂದೆ ಹೂಳು ಕೂರುತ್ತದೆ, ಸಸಿಗಳು ನಾರನ್ನು ತೂರಿ ಬೇರು ಬಿಡುತ್ತವೆ. ಕೆಲವು ವರ್ಷಕ್ಕೆ ನಾರು ಕೊಳೆತು ಮಣ್ಣಾಗುವ ಹೊತ್ತಿಗೆ ಆ ಜಾಗವನ್ನು ಬೇರು ಹಿಡಿದಿರುತ್ತದೆ. ತೆಗೆದು ಬಿಸಾಡುವ ಕೆಲಸವೂ ಇಲ್ಲ.

ಗಿಡಗಳ ವಿಷಯಕ್ಕೆ ಬಂದರೆ, ಐಟಿ ಕೆಲಸಕ್ಕೋ ಆಸ್ಪತ್ರೆಯ ಕೆಲಸಕ್ಕೋ ಹೋಗಿ ಆ ಕಡೆ ನೆಲೆಸಿದ ಕನ್ನಡಿಗರಿಗೆ ಅಲ್ಲಿ ಹಳೆಯ ಪರಿಚಯಗಳು ಸಿಗುತ್ತವೆ. ನೀರು ಪಾದ ಮುಳುಗಿಸುವಷ್ಟು ಇರುವಲ್ಲಿ ಕತ್ತಿಯ ಅಲಗಿನಂಥ ಹಸಿರು ಎಲೆಗಳ ಗಿಡವೊಂದು ಗುಂಪಾಗಿ ನಿಂತಿರುತ್ತದೆ. ಎಲೆಯನ್ನು ಚಿವುಟಿ ಮೂಗಿಗೆ ಹಿಡಿದರೆ ಕೂಸಿಗೆ ತೇದು ನೆಕ್ಕಿಸುವ ಬಜೆಯ ಘಾಟು. ನಮ್ಮ ಬಜೆಯ ಅಮೆರಿಕದ ಸೋದರಿ ಅದು. ಅಲ್ಲಿನ ಮೂಲನಿವಾಸಿಗಳಿಗೂ ಅದು ಔಷಧಿಯ ಬೇರು. ಒಂದು ತೊಡಕಿದೆ: ಹೊರಗಿನಿಂದ ಬಂದ ಬಜೆಯೂ ಅಲ್ಲಿದೆ, ನೋಡಲು ಎರಡೂ ಒಂದೇ, ನರ್ಸರಿಯವರಿಗೇ ಗೊಂದಲವಾಗುತ್ತದೆ. ನೀಲಿ ಐರಿಸ್ ಅಲ್ಲಿನದು, ಹಳದಿ ಐರಿಸ್ ಯುರೋಪಿನಿಂದ ಬಂದು ದಡವನ್ನೆಲ್ಲ ನುಂಗುವಂಥದ್ದು. ಹಾಗಾಗಿ ಹೂವಿನ ಬಣ್ಣ ನೋಡಿ ಮರುಳಾಗಿ ಕೊಳ್ಳುವ ಮುಂಚೆ ಊರು ಯಾವುದೆಂದು ಕೇಳಬೇಕು.

ಸ್ವಲ್ಪ ಮೇಲೆ, ನೆಲ ತೇವವಾಗಿರುವಲ್ಲಿ, ಜವುಗಿನ ಮಿಲ್ಕ್‌ವೀಡ್. ಮುರಿದರೆ ಹಾಲು ಸುರಿಯುವ ಇದು ನಮ್ಮ ಎಕ್ಕದ ಕುಟುಂಬದ್ದೇ. ಎಕ್ಕದ ಎಲೆ ತಿಂದು ನಮ್ಮಲ್ಲಿ ಕಿತ್ತಳೆ ಬಣ್ಣದ ಚಿಟ್ಟೆಯೊಂದು ಬೆಳೆಯುವಂತೆ ಅಲ್ಲಿ ಇದರ ಎಲೆ ತಿಂದು ಮೊನಾರ್ಕ್ ಚಿಟ್ಟೆ ಬೆಳೆಯುತ್ತದೆ, ಬೇಸಿಗೆಯ ಕೊನೆಯ ಪೀಳಿಗೆ ಮೆಕ್ಸಿಕೊದವರೆಗೆ ಹಾರುತ್ತದೆ. ಅದರ ಜೊತೆಗೆ ಜೋ-ಪೈ ವೀಡ್, ಸೆಜ್ ಹುಲ್ಲುಗಳು, ಕೆಂಪು ಕಡ್ಡಿಯ ಡಾಗ್‌ವುಡ್ ಪೊದೆ; ಇನ್ನೂ ಮೇಲಿನ ಒಣ ನೆಲಕ್ಕೆ ಲಿಟ್ಲ್ ಬ್ಲೂಸ್ಟೆಮ್ ಹುಲ್ಲು. ಪಟ್ಟಿ ಉದ್ದ ಮಾಡಿ ಉಪಯೋಗವಿಲ್ಲ. ಕತ್ತರಿಸುವುದು ನಿಲ್ಲಿಸಿ ಒಂದು ಬೇಸಿಗೆ ಕಾದರೆ ಅರ್ಧ ಗಿಡಗಳು ತಾವೇ ಎದ್ದು ಬರುವ ದಡಗಳೂ ಉಂಟು. ರೀಡ್ ಕೆನರಿ ಹುಲ್ಲು, ನೇರಳೆ ಲೂಸ್‌ಸ್ಟ್ರೈಫ್ ಬಂದರೆ ಮಾತ್ರ ಚಿಕ್ಕದಿರುವಾಗಲೇ ಕಿತ್ತುಬಿಡಬೇಕು.

ನೀರೊಳಗಿನ ಗಿಡಕ್ಕೆ ಕೈಹಚ್ಚುವಾಗ ಹುಷಾರು. ಮಿನೆಸೋಟಾದಲ್ಲಿ ಆಪು, ಜೊಂಡು, ಕಾಡುಭತ್ತದಂತೆ ನೀರಿನಿಂದ ತಲೆ ಎತ್ತಿ ನಿಲ್ಲುವ ಗಿಡಗಳನ್ನು ತೆಗೆಯಲು ನೈಸರ್ಗಿಕ ಸಂಪನ್ಮೂಲ ಇಲಾಖೆಯ ಅನುಮತಿ ಬೇಕು; ನೆಡುವುದಕ್ಕೂ ಬೇಕು. ಗಾಳಿಗೆ ಮಗುಚಿ ನೀರಿಗೆ ಬಿದ್ದ ಮರವನ್ನಂತೂ ಬಿದ್ದಲ್ಲೇ ಬಿಡುವುದು ಲೇಸು. ಮೀನು ಮರಿ ಅಡಗುವುದು, ಆಮೆ ಬಿಸಿಲು ಕಾಯುವುದು ಅದರ ಮೇಲೆಯೇ. ವಿಸ್ಕಾನ್ಸಿನ್‌ನಲ್ಲಿ ಚಳಿಗಾಲದಲ್ಲಿ ಹಿಮದ ಮೇಲೆ ಮರಗಳನ್ನು ಎಳೆದು ತಂದು, ಬುಡವನ್ನು ದಡಕ್ಕೆ ಕಟ್ಟಿ, ಹಿಮ ಕರಗಿದಾಗ ತಾವೇ ಮುಳುಗುವಂತೆ ಮಾಡುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೆ ಬರುವ ಕಷ್ಟ ನೆರೆಹೊರೆಯವರದು. ಅವರ ಕಣ್ಣಿಗೆ ಇದು ಮನೆ ಬಿಟ್ಟು ಹೋದವರ ಹಿತ್ತಿಲು. ಭೂದೃಶ್ಯ ವಿನ್ಯಾಸದ ವಿದ್ವಾಂಸೆ ಜೋನ್ ನಸ್ಸಾವರ್ 1995ರ ಒಂದು ಪ್ರಬಂಧದಲ್ಲಿ ಈ ಸಮಸ್ಯೆಯನ್ನೇ ಎತ್ತಿಕೊಂಡರು. ಪರಿಸರಕ್ಕೆ ಒಳ್ಳೆಯದಾದದ್ದು ಜನರ ಕಣ್ಣಿಗೆ ಗಲೀಜಾಗಿ ಕಾಣುತ್ತದೆ. ಅದರ ಸುತ್ತ ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬ ಗುರುತುಗಳನ್ನು ಇಟ್ಟರೆ ಅದೇ ಜನ ಒಪ್ಪಿಕೊಳ್ಳುತ್ತಾರೆ ಎಂಬುದು ಅವರ ವಾದ. ಗಿಡಗಳ ಪಟ್ಟೆಗೂ ಹುಲ್ಲಿಗೂ ನಡುವೆ ಚೊಕ್ಕವಾಗಿ ಕತ್ತರಿಸಿದ ಒಂದು ಅಂಚು, ಒಂದು ಬೆಂಚು, ಹಕ್ಕಿಗೂಡು, ಕಾಲುದಾರಿ. ತೋಟಗಾರಿಕೆಯ ಹತ್ತು ಪುಸ್ತಕಗಳಿಗಿಂತ ಈ ಒಂದು ಮಾತು ಹೆಚ್ಚು ಜಗಳ ಉಳಿಸೀತು. ಮಿನೆಸೋಟಾ 2023ರಲ್ಲಿ ಕಾನೂನು ಮಾಡಿ, ನೋಡಿಕೊಳ್ಳುವವರಿರುವ ಇಂಥ ಸಹಜ ತೋಟಗಳಿಗೆ ನಗರಗಳು ಅಡ್ಡಿ ಮಾಡುವಂತಿಲ್ಲ ಎಂದಿತು.

ನಮ್ಮಲ್ಲಿ ಕೆರೆದಂಡೆ ಮನೆಯವರದಲ್ಲ, ಆದ್ದರಿಂದ ಇದು ನಮ್ಮ ಕಥೆಯಲ್ಲ ಎನ್ನಬಹುದು. ಬೆಂಗಳೂರಿನಲ್ಲಿ ದಂಡೆಯ ಜಗಳ ಮೀಟರಿನದು: 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳಿಗೆ 75 ಮೀಟರ್ ಮೀಸಲು ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ನಗರದ ಮಹಾಯೋಜನೆಯ 30 ಮೀಟರಿಗೇ ಮರಳಿಸಿತು. ಆ ಮೀಟರುಗಳ ಒಳಗೆ ಏನಿರಬೇಕು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅಭಿವೃದ್ಧಿಗೊಂಡ ಎಷ್ಟೋ ಕೆರೆಗಳ ಅಂಚನ್ನು ಬೋಗುಣಿಯ ಅಂಚಿನಂತೆ ಕಡಿದಾಗಿ ಕೊರೆದು, ಕಲ್ಲು ಹೊದೆಸಿ, ಮೇಲೆ ನಡಿಗೆ ಪಥ ಹಾಕಿದ್ದಾರೆ. ಮೆಲ್ಲನೆ ನೀರಿಗಿಳಿಯುವ ಜೊಂಡಿನ ಇಳಿಜಾರು ಹೋಯಿತು, ಅದರೊಂದಿಗೆ ಹುಂಡುಕೋಳಿ ಅಡಗುವ ಜಾಗವೂ ಹೋಯಿತು. ಬೆಳಗಿನ ವಾಯುವಿಹಾರಕ್ಕೆ ಜಾಗ ಬೇಕು, ಸರಿ. ಕೆರೆಯ ಒಂದು ಮಗ್ಗುಲನ್ನಾದರೂ ಬಿಡಬಹುದಿತ್ತು.

ಮತ್ತೆ ಮಿನೆಸೋಟಾಕ್ಕೆ. ಕಡಿಮೆ ಚಾಕರಿ ಎಂದರೆ ಚಾಕರಿಯೇ ಇಲ್ಲ ಎಂದಲ್ಲ, ಮೊದಲ ವರ್ಷವಂತೂ ಹುಲ್ಲುಹಾಸಿಗಿಂತ ಹೆಚ್ಚು ದುಡಿಸುತ್ತದೆ. ಮೇ ಕೊನೆಗೋ ಜೂನಿನಲ್ಲೋ ನೆಟ್ಟು, ಮಳೆಯಿಲ್ಲದ ವಾರ ನೀರು ಹಾಕಿ, ಕಳೆ ಕೀಳುತ್ತಿರಬೇಕು. ಸಸಿಗಳು ಮೊದಲ ವರ್ಷ ಮಲಗುತ್ತವೆ, ಎರಡನೇ ವರ್ಷ ತೆವಳುತ್ತವೆ, ಮೂರನೇ ವರ್ಷ ನೆಗೆಯುತ್ತವೆ ಎಂದು ಅಲ್ಲಿನ ತೋಟಗಾರರು ಹೇಳುತ್ತಾರೆ. ಎರಡನೇ ವರ್ಷ ಬೇಸತ್ತು ಮತ್ತೆ ಯಂತ್ರ ಓಡಿಸಿದವರು ಮೂರನೆಯದನ್ನು ನೋಡುವುದಿಲ್ಲ. ಅದಾದ ಮೇಲೆ ವಸಂತದಲ್ಲಿ ಒಮ್ಮೆ ಒಣಗಿದ ದಂಟುಗಳನ್ನು ಕತ್ತರಿಸಿದರಾಯಿತು. ಪೂರಾ ಬುಡಕ್ಕಲ್ಲ, ಒಂದಡಿ ಬಿಟ್ಟು; ಏಕೆಂದರೆ ಒಂಟಿ ಜೇನುಗಳು ಆ ಟೊಳ್ಳು ದಂಟಿನಲ್ಲಿ ಮೊಟ್ಟೆ ಇಡುತ್ತವೆ. ಉಳಿದ ಶನಿವಾರಗಳು ಗಾಳ ಹಾಕುವುದಕ್ಕೆ. ಅದಕ್ಕೂ ಹದಿನಾರು ತುಂಬಿದವರು ಲೈಸೆನ್ಸ್ ಕೊಳ್ಳಬೇಕು, ಸ್ವಂತ ದೋಣಿಕಟ್ಟೆಯ ಮೇಲೆ ಕೂತು ಹಾಕಿದರೂ.