ಹದಿನಾಲ್ಕರ ಮಿತಿಯಲ್ಲಿ ವೆಡ್ಜ್‌ಗಳ ಆಯ್ಕೆ

2001ರ ಬ್ರಿಟಿಷ್ ಓಪನ್ ಪಂದ್ಯಾವಳಿಯ ಅಂತಿಮ ದಿನ. ಮೊದಲ ಹೋಲ್‌ನಲ್ಲಿ ಬರ್ಡಿ ಗಳಿಸಿ ಅಗ್ರಸ್ಥಾನದ ಪೈಪೋಟಿಯಲ್ಲಿದ್ದ ಇಯಾನ್ ವೂಸ್ನಮ್ ಅವರ ಚೀಲದಲ್ಲಿ 15 ಕ್ಲಬ್‌ಗಳಿರುವುದು ಎರಡನೆಯ ಟೀ ಬಳಿ ಬೆಳಕಿಗೆ ಬಂದಿತು. ನಿಯಮ ಒಪ್ಪುವುದು 14ನ್ನು ಮಾತ್ರ. ಎರಡು ಹೊಡೆತಗಳ ದಂಡ ತೆತ್ತ ಅವರು ಕೊನೆಗೆ ಮೂರನೆಯ ಸ್ಥಾನವನ್ನು ಇತರರೊಡನೆ ಹಂಚಿಕೊಂಡರು. ಅಲ್ಲಿ ಹೆಚ್ಚಾದದ್ದು ಒಂದು ಡ್ರೈವರ್. ಹವ್ಯಾಸಿ ಆಟಗಾರರ ಚೀಲದಲ್ಲಾದರೋ ಲೆಕ್ಕ ತಪ್ಪುವುದು ಬಹುಮಟ್ಟಿಗೆ ವೆಡ್ಜ್‌ಗಳಲ್ಲಿ. ಅದೂ ಸಂಖ್ಯೆಯಲ್ಲಲ್ಲ, ಅಂತರದಲ್ಲಿ.

ಕೆಲವು ದಶಕಗಳ ಹಿಂದೆ ಪಿಚಿಂಗ್ ವೆಡ್ಜ್‌ನ ಲಾಫ್ಟ್, ಅಂದರೆ ಮುಖದ ಓರೆ, 48ರಿಂದ 50 ಡಿಗ್ರಿಯಷ್ಟಿರುತ್ತಿತ್ತು. ಚೆಂಡು ಹೆಚ್ಚು ದೂರ ಹೋಗುತ್ತದೆಂಬ ಪ್ರಚಾರದ ಪೈಪೋಟಿಯಲ್ಲಿ ತಯಾರಕರು ಐರನ್‌ಗಳ ಓರೆಯನ್ನು ತಗ್ಗಿಸುತ್ತ ಬಂದುದರಿಂದ ಇಂದು ಅನೇಕ ಸೆಟ್‌ಗಳಲ್ಲಿ ಅದು 43ರಿಂದ 46ಕ್ಕೆ ಇಳಿದಿದೆ. ಸ್ಯಾಂಡ್ ವೆಡ್ಜ್ ಮಾತ್ರ 54-56ರಲ್ಲೇ ನಿಂತಿದೆ. ನಡುವೆ ಹತ್ತು ಡಿಗ್ರಿಯ ಕಂದರ! ಸುಮಾರು 100 ಗಜದ ಹೊಡೆತಗಳು ಅನೇಕರಿಗೆ ಕೈಕೊಡುವುದು ಇಲ್ಲಿಯೇ. ಮೂಟೆಯ ಮೇಲಿನ ಗುರುತನ್ನು ನಂಬದೆ ತೂಕ ಹಾಕಿಸಿ ನೋಡುವ ವರ್ತಕರೂ ಕ್ಲಬ್ಬಿನ ಮೇಲಿನ ಅಕ್ಷರವನ್ನು ನಂಬಿಬಿಡುವುದು ಸೋಜಿಗ.

ಆದುದರಿಂದ ಆಯ್ಕೆಯು ಪಿಚಿಂಗ್ ವೆಡ್ಜ್‌ನ ನಿಜವಾದ ಓರೆಯನ್ನು ಅಳತೆ ಮಾಡಿಸುವುದರಿಂದ ಆರಂಭವಾಗಬೇಕು. ಅದು 45 ಡಿಗ್ರಿಯಿದ್ದರೆ 50, 55, 60 ಎಂದು ಮೂರು ವೆಡ್ಜ್‌ಗಳನ್ನು ಸೇರಿಸಬಹುದು. ಇಲ್ಲವೇ 51 ಮತ್ತು 57ರಲ್ಲಿ ತೃಪ್ತಿಪಡಬಹುದು. ವಾರಕ್ಕೊಮ್ಮೆ ಆಡುವವರಿಗೆ ಎರಡನೆಯ ಕ್ರಮವೇ ಲೇಸು. ಸೇರಿಸಿದ ಪ್ರತಿ ವೆಡ್ಜ್‌ಗೂ ಒಂದು ಉದ್ದನೆಯ ಕ್ಲಬ್ ಜಾಗ ಬಿಟ್ಟುಕೊಡಬೇಕು. ಅಭ್ಯಾಸವಿಲ್ಲದವರ ಕೈಯಲ್ಲಿ 60 ಡಿಗ್ರಿಯ ಲಾಬ್ ವೆಡ್ಜ್ ಬಹುಪಾಲು ಅಲಂಕಾರದ ವಸ್ತು.

ಓರೆಯಷ್ಟೇ ಮುಖ್ಯವಾದುದು ಬೌನ್ಸ್. ತಳದ ಹಿಂಭಾಗವು ಮುಂಭಾಗದ ಅಂಚಿಗಿಂತ ತಗ್ಗಾಗಿದ್ದರೆ ಕ್ಲಬ್ ಮರಳಿನಲ್ಲಿ ಹೂತುಹೋಗದೆ ಜಾರಿ ಸಾಗುತ್ತದೆ. ಈ ತತ್ತ್ವವನ್ನು ಜನಪ್ರಿಯಗೊಳಿಸಿದವರು ಜೀನ್ ಸರಾಜೆನ್. ಅವರು ನಿಬ್ಲಿಕ್ ಎಂಬ ಹಳೆಯ ಬಗೆಯ ಕ್ಲಬ್ಬಿನ ತಳಕ್ಕೆ ಬೆಸುಗೆಯ ಲೋಹ ಸೇರಿಸಿ, ಅರದಿಂದ ಉಜ್ಜಿ ತಿದ್ದಿ, 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನದಲ್ಲಿ ಬ್ರಿಟಿಷ್ ಓಪನ್ ಗೆದ್ದರು. ದೊಡ್ಡ ಕಾರ್ಖಾನೆಯ ನೆರವಿಲ್ಲದೆ ಕೈಯಿಂದಲೇ ರೂಪುಗೊಂಡ ಉಪಕರಣವದು. ಸಣ್ಣ ಉದ್ಯಮಿಗಳಿಗೆ ಈ ಸಂಗತಿ ಹಿಡಿಸದಿರದು. ಮಳೆಗಾಲದ ಮೆತ್ತನೆಯ ನೆಲಕ್ಕೂ ಸಡಿಲ ಮರಳಿಗೂ 10 ಡಿಗ್ರಿಗಿಂತ ಹೆಚ್ಚಿನ ಬೌನ್ಸ್ ಅನುಕೂಲ. ಬೇಸಿಗೆಯಲ್ಲಿ ಗಟ್ಟಿಯಾಗುವ ನೆಲದಲ್ಲಿ ಅದೇ ತಳ ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ. ಅಲ್ಲಿ ಕಡಿಮೆ ಬೌನ್ಸ್ ಇರಬೇಕು. ಬೆಂಗಳೂರಿನಂತೆ ಎರಡೂ ಋತುಗಳನ್ನು ಕಾಣುವ ಊರಿನಲ್ಲಿ ಒಂದು ವೆಡ್ಜ್ ಹೆಚ್ಚು, ಇನ್ನೊಂದು ಕಡಿಮೆ ಬೌನ್ಸ್‌ನದಾಗಿರುವುದು ವಿವೇಕ.

ಮುಖದ ಗೀರುಗಳೂ ನಿಯಮಕ್ಕೆ ಒಳಪಟ್ಟಿವೆ. 2010ರಲ್ಲಿ ವೃತ್ತಿಪರ ಪಂದ್ಯಾವಳಿಗಳಿಗೆ ಜಾರಿಯಾದ ನಿಯಮದಂತೆ ವೆಡ್ಜ್‌ಗಳ ಗೀರಿನ ಅಂಚು ಹರಿತವಾಗಿರುವಂತಿಲ್ಲ. ಅಂಚಿನ ದುಂಡಗಿನ ತ್ರಿಜ್ಯ 0.254 ಮಿಲಿಮೀಟರಿಗಿಂತ ಕಡಿಮೆಯಾಗಕೂಡದು. ಮರಳಿನ ಉಜ್ಜುವಿಕೆಯಿಂದ ಈ ಗೀರುಗಳು ಸವೆಯುವುದರಿಂದ, ಬಳಸಿದ ವೆಡ್ಜ್ ಅಗ್ಗಕ್ಕೆ ದೊರೆತರೂ ಉಗುರಿನಿಂದ ತಡವಿ ನೋಡಿಯೇ ಕೊಳ್ಳಬೇಕು.

ಬೇಕಾದ ಓರೆಯದು ಅಂಗಡಿಯಲ್ಲಿಲ್ಲದಿದ್ದರೆ ಮೃದು ಉಕ್ಕಿನ 52 ಡಿಗ್ರಿಯ ವೆಡ್ಜ್ ಅನ್ನು ಬಗ್ಗಿಸಿ 50ಕ್ಕೆ ತರಿಸಬಹುದು. ಆದರೆ ಹಾಗೆ ಮಾಡಿದಾಗ ಬೌನ್ಸ್ ಕೂಡ ಎರಡು ಡಿಗ್ರಿ ಇಳಿಯುತ್ತದೆ. ಕೊಳ್ಳುವ ಮುನ್ನವೇ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.